ಕ್ಯಾನ್ಸರ್ ರೋಗಿಯ ಮನೆ ಆರೈಕೆ: ಬೆಂಗಳೂರಿನ ದಂಡು ಮತ್ತು ಪೂರ್ವ ಭಾಗ

ಕ್ಯಾನ್ಸರ್ ಬಂದವರನ್ನು ಅವರ ಮನೆಯವರೇ ಹಗಲಿರುಳು ನೋಡಿಕೊಳ್ಳುವ ಕೆಲಸವನ್ನು ಮನೆ ಆರೈಕೆ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಗಂಟಲಲ್ಲಿ ಇಳಿಯುವಂಥ ಊಟ ಬೇಯಿಸುವುದು, ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಫೈಲು ಹಿಡಿದು ಸಾಲಿನಲ್ಲಿ ನಿಲ್ಲುವುದು, ದುಡ್ಡು ಹೊಂದಿಸುವುದು, ರಾತ್ರಿ ಪಕ್ಕದ ಹಾಸಿಗೆಯ ಉಸಿರಿಗೆ ಕಿವಿಗೊಟ್ಟು ಮಲಗುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಕೆಲಸ ಮಾಡುವವರಿಗೆ ಆಸ್ಪತ್ರೆಯಲ್ಲಿ ‘ಅಟೆಂಡರ್’ ಎಂದು ಹೆಸರು. ಮನೆಯ ಮಾತಿನಲ್ಲಿ ಅವರಿಗೆ ಹೆಸರೇ ಇಲ್ಲ. ‘ಅಮ್ಮನ್ನ ನೋಡ್ಕೊಳ್ತಿದೀನಿ’ ಎಂಬ ಒಂದು ಕ್ರಿಯಾಪದ ಇದೆ, ಅಷ್ಟೆ.

ಮೂರು ವಾರಕ್ಕೊಮ್ಮೆ ಕೀಮೋ ಹಾಕಿಸಿಕೊಳ್ಳುವ ರೋಗಿ ಆಸ್ಪತ್ರೆಯಲ್ಲಿ ಕಳೆಯುವುದು ಹೆಚ್ಚೆಂದರೆ ಒಂದು ದಿನ. ಉಳಿದ 20 ದಿನ ಮನೆಯಲ್ಲೇ. ವಾಂತಿ, ಜ್ವರ, ಬಾಯಿಹುಣ್ಣು, ನಿದ್ದೆಗೇಡು, ಭಯ ಎಲ್ಲ ಬರುವುದು ಆ 20 ದಿನಗಳಲ್ಲೇ, ನರ್ಸು ಡಾಕ್ಟರು ಯಾರೂ ಇಲ್ಲದ ಹೊತ್ತಿನಲ್ಲಿ. ಕನ್ನಡದ ಮನೆಗಳಲ್ಲಿ ಬಾಣಂತನಕ್ಕೆ ಒಂದು ಶಾಸ್ತ್ರವೇ ಇದೆ. ಎಣ್ಣೆ ಹೇಗೆ ಹಚ್ಚಬೇಕು, ಎರೆಯುವ ನೀರು ಎಷ್ಟು ಕಾದಿರಬೇಕು, ಎಷ್ಟನೆಯ ದಿನ ಏನು ಉಣ್ಣಿಸಬೇಕು ಎಂಬುದನ್ನು ಅಜ್ಜಿ ತಾಯಿಗೆ, ತಾಯಿ ಮಗಳಿಗೆ ಹೇಳಿಕೊಡುತ್ತ ಬಂದಿದ್ದಾರೆ. ಕ್ಯಾನ್ಸರ್ ಆರೈಕೆಗೆ ಅಂಥ ಪರಂಪರೆ ಬೆಳೆದಿಲ್ಲ. ಹಿಂದೆ ಈ ರೋಗ ಬಹುಪಾಲು ಗುರುತಿಗೇ ಸಿಗುತ್ತಿರಲಿಲ್ಲ, ಸಿಕ್ಕರೂ ಮನೆಯೊಳಗೇ ಮುಚ್ಚಿಡಲಾಗುತ್ತಿತ್ತು. ಹಾಗಾಗಿ ಪ್ರತಿ ಮನೆಯೂ ಎಲ್ಲವನ್ನೂ ಮೊದಲಿಂದ, ತಪ್ಪು ಮಾಡುತ್ತ ಕಲಿಯಬೇಕಾಗಿದೆ. ಇದು ಕಲಿಯಬಹುದಾದ, ಕಲಿಸಬಹುದಾದ ಕೆಲಸ ಎಂಬುದನ್ನು ಬೆಂಗಳೂರಿನ ಪೂರ್ವ ಭಾಗದ ಒಂದು ಸಂಸ್ಥೆ ಮೂರು ದಶಕಗಳಿಂದ ತೋರಿಸುತ್ತಿದೆ. ಆ ವಿಷಯ ಮುಂದೆ ಬರುತ್ತದೆ.

ಪ್ರದೇಶ

1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು ಪ್ರದೇಶದಿಂದ ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೂ ಕೆ.ಆರ್. ಪುರದವರೆಗೆ ಹಬ್ಬಿರುವ ಈ ಭಾಗದಲ್ಲಿ ನಾಲ್ಕು ಬಗೆಯ ಊರುಗಳಿವೆ. ಶಿವಾಜಿನಗರದಲ್ಲಿ ಗಲ್ಲಿಗೊಂದು ಭಾಷೆ. ಒಂದೇ ಮೆಟ್ಟಿಲ ಮೇಲೆ ಕನ್ನಡ, ತಮಿಳು, ದಖ್ಖನಿ ಉರ್ದು, ತೆಲುಗು ಕೇಳಿಸುತ್ತವೆ. ಸೋಮೇಶ್ವರ ದೇವಸ್ಥಾನದ ಸುತ್ತಲಿನ ಹಲಸೂರು ದಂಡಿಗಿಂತಲೂ ಹಳೆಯದು. ಅಲ್ಲಿನ ಓಣಿಗಳು ಎಷ್ಟು ಕಿರಿದೆಂದರೆ ಕೆಲವು ಮನೆಗಳ ಬಾಗಿಲಿಗೆ ಆಂಬುಲೆನ್ಸ್ ಬರಲಾರದು; ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತರಬೇಕು. ಇಂದಿರಾನಗರ ನಿವೃತ್ತ ಸೇನಾಧಿಕಾರಿಗಳೂ ಸಾರ್ವಜನಿಕ ಉದ್ದಿಮೆಗಳ ನೌಕರರೂ ಮನೆ ಕಟ್ಟಿಕೊಂಡ ಬಡಾವಣೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ವಿದೇಶದಲ್ಲಿ. ಕೆ.ಆರ್. ಪುರ ಕೋಲಾರ, ಮುಳಬಾಗಿಲು ಕಡೆಯವರು ನಗರಕ್ಕೆ ಕಾಲಿಡುವ ಬಾಗಿಲು. ಹಳ್ಳಿಯಿಂದ ಬಂದ ರೋಗಿ ಅಲ್ಲಿರುವ ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ತಂಗಿ ಚಿಕಿತ್ಸೆ ಮುಗಿಸಿಕೊಳ್ಳುವುದು ಸಾಮಾನ್ಯ. ಆರೈಕೆಯ ಕಷ್ಟ ನಾಲ್ಕೂ ಕಡೆ ಒಂದೇ ರೀತಿ ಇರುವುದಿಲ್ಲ.

ಹೆಸರು, ಮಾತು, ಮೌನ

ಕ್ಯಾನ್ಸರಿಗಿರುವ ಸಂಸ್ಕೃತದ ಹೆಸರು ‘ಅರ್ಬುದ’ ಪುಸ್ತಕದಲ್ಲಿ ಉಳಿಯಿತು. ಏಡಿಯ ಹೋಲಿಕೆಯಿಂದ ಕನ್ನಡದ ವೈದ್ಯ ಬರಹಗಾರರು ಬಳಸಿದ ‘ಏಡಿಗಂತಿ’ ಚೆಂದದ ಪದವಾದರೂ ಜನರ ಬಾಯಿಗೆ ಬರಲಿಲ್ಲ. ಜನ ‘ಗಡ್ಡೆ’ ಎನ್ನುತ್ತಾರೆ, ‘ಗಂಟು’ ಎನ್ನುತ್ತಾರೆ, ದನಿ ತಗ್ಗಿಸಿ ‘ಆ ಕಾಯಿಲೆ’ ಎನ್ನುತ್ತಾರೆ. ವಿಕಿರಣ ಚಿಕಿತ್ಸೆಗೆ ಊರೆಲ್ಲ ಬಳಸುವ ಮಾತು ‘ಕರೆಂಟ್ ಕೊಡೋದು’. ಈ ಮಾತು ಸಣ್ಣದೆನಿಸಿದರೂ ಅದರಿಂದ ಆಗುವ ತೊಂದರೆ ಸಣ್ಣದಲ್ಲ. ಮೈಗೆ ವಿದ್ಯುತ್ ಹರಿಸುತ್ತಾರೆಂದು ನಂಬಿ ಮೊದಲ ಸಿಟ್ಟಿಂಗ್‌ಗೇ ಬರಲು ಒಪ್ಪದ ಹಿರಿಯರಿದ್ದಾರೆ. ಶಾಕ್ ಹೊಡೆಯುವುದಿಲ್ಲ, ಆ ಹೊತ್ತಿನಲ್ಲಿ ನೋವಾಗುವುದಿಲ್ಲ, ಕೆಲವು ನಿಮಿಷ ಅಲುಗಾಡದೆ ಮಲಗಿದ್ದರೆ ಸಾಕು ಎಂದು ಹಿಂದಿನ ದಿನವೇ ಕೂತು ಹೇಳುವುದು ಆರೈಕೆಯ ಮೊದಲ ಪಾಠಗಳಲ್ಲೊಂದು.

‘ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ’ ಎಂಬ ಕೋರಿಕೆ ಯಾವ ಭಾಷೆಯ ಮನೆಯಿಂದಲೂ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆದರೆ ಆಸ್ಪತ್ರೆಯ ಬೋರ್ಡು ಓದಬಲ್ಲ, ಪಕ್ಕದ ಬೆಂಚಿನವರ ತಲೆ ನೋಡಬಲ್ಲ ರೋಗಿಗೆ ವಿಷಯ ಎಷ್ಟು ದಿನ ಗೊತ್ತಾಗದೆ ಇರುತ್ತದೆ? ಕೊನೆಗೆ ಮನೆಯವರು ರೋಗಿಯಿಂದ, ರೋಗಿ ಮನೆಯವರಿಂದ, ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸುತ್ತ ಒಂದೇ ಕೋಣೆಯಲ್ಲಿ ಬೇರೆ ಬೇರೆಯಾಗಿ ಅಳುತ್ತಾರೆ. ಆಸ್ತಿ ಪತ್ರ, ಬ್ಯಾಂಕಿನ ನಾಮಿನಿ, ಹೆಣ್ಣುಮಗಳ ಮದುವೆ, ಯಾರ ಜತೆಗೋ ಮುರಿದುಬಿದ್ದ ಮಾತು, ಇವೆಲ್ಲ ಹಾಗೇ ಉಳಿದುಹೋಗುತ್ತವೆ. ಈ ಕ್ಷೇತ್ರದಲ್ಲಿ ಬಹುಕಾಲ ದುಡಿದವರು ಹೇಳುವ ದಾರಿ ಸರಳ: ಹೇಳಬೇಕೋ ಬೇಡವೋ ಎಂದು ಮನೆಯವರೇ ತೀರ್ಮಾನಿಸುವ ಬದಲು, ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳುವುದು. ‘ಏನಾಗಿದೆ ಅಂತ ನಿಮಗನ್ನಿಸತ್ತೆ?’ ಎಂದು ಕೇಳಿ ಸುಮ್ಮನೆ ಕೂತರೆ ಹಲವರು ತಾವೇ ಶುರು ಮಾಡುತ್ತಾರೆ.

ದಂಡು ಪ್ರದೇಶದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಡಾಕ್ಟರು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಹೇಳಿದ್ದನ್ನು ಅಜ್ಜಿಗೆ ತಮಿಳಿನಲ್ಲಿ, ದಖ್ಖನಿಯಲ್ಲಿ ದಾಟಿಸುವ ಹೊಣೆ ಎಷ್ಟೋ ಸಲ ಶಾಲೆಗೆ ಹೋಗುವ ಮೊಮ್ಮಗಳ ಮೇಲೆ ಬೀಳುತ್ತದೆ. ಹದಿಮೂರು ವರ್ಷದ ಹುಡುಗಿ ತನ್ನ ಬಾಯಿಂದಲೇ ‘ಹರಡಿದೆಯಂತೆ’ ಎಂದು ಹೇಳುವ ಪರಿಸ್ಥಿತಿ ಯಾರಿಗೂ ಬರಬಾರದು. ಆ ಭಾಷೆ ಬಲ್ಲ ನರ್ಸನ್ನೋ ಸಮಾಜಸೇವಾ ವಿಭಾಗದವರನ್ನೋ ಕರೆಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ, ಕೇಳಬೇಕು.

ರೋಗ ಅಂಟುತ್ತದೆಂಬ ಭಯವೂ ಪೂರ್ತಿ ಹೋಗಿಲ್ಲ. 1898ರ ಪ್ಲೇಗು ಕಂಡ ಊರು ಇದು. ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಇಂದಿಗೂ ಹಳೇ ಮದ್ರಾಸ್ ರಸ್ತೆಯಲ್ಲಿದೆ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ ಎಂಬ ಹಳೆಯ ಎಚ್ಚರ ಕ್ಯಾನ್ಸರ್ ರೋಗಿಯ ಮೇಲೂ ಬೀಳುತ್ತದೆ. ಕ್ಯಾನ್ಸರ್ ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ. ಮೊಮ್ಮಕ್ಕಳನ್ನು ದೂರವಿಡಬೇಕಾದದ್ದು ಅವರಿಗೆ ಶೀತ ಜ್ವರ ಇದ್ದಾಗ ಮಾತ್ರ, ಅದೂ ರೋಗಿಯ ಒಳಿತಿಗಾಗಿ.

ಹೊರಗೆ ಹೇಳದಿರುವುದು ರೋಗಿಯದೇ ತೀರ್ಮಾನವೂ ಆಗಿರಬಹುದು. ನಟಿ, ನಿರೂಪಕಿ ಅಪರ್ಣಾ ಅವರ ದನಿ ಪೂರ್ವ ಬೆಂಗಳೂರಿನವರಿಗೆ ಬಹಳ ಹತ್ತಿರದ್ದು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 2011ರ ಅಕ್ಟೋಬರ್ 20ರಂದು ಶುರುವಾದ ನಮ್ಮ ಮೆಟ್ರೊದಲ್ಲಿ ‘ಇಂದಿರಾನಗರ’, ‘ಹಲಸೂರು’ ಎಂದು ನಿಲ್ದಾಣಗಳನ್ನು ಸ್ವಚ್ಛ ಕನ್ನಡದಲ್ಲಿ ಹೇಳಿದ ದನಿ ಅದು. ಅವರು 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ನಾಡಿನ ಬಹುಜನರಿಗೆ ಅವರ ಕಾಯಿಲೆಯ ವಿಷಯ ತಿಳಿದದ್ದು ಸಾವಿನ ಸುದ್ದಿಯ ಜೊತೆಗೇ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ರೋಗಿಯದೇ ಆಯ್ಕೆ. ಆ ಆಯ್ಕೆಯನ್ನು ಕಾಯುವುದೂ ಮನೆಯವರ ಕೆಲಸದ ಒಂದು ಭಾಗ.

ಆಸ್ಪತ್ರೆಯ ದಾರಿ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿದೆ, ಅದಕ್ಕೆ ಸೇರಿಕೊಂಡ ಹೆಂಗಸರ ಆಸ್ಪತ್ರೆಗೆ ಲೇಡಿ ಕರ್ಜನ್ ಅವರದು. ದಂಡಿನ ಬಡವರಿಗೆ ತಲೆಮಾರುಗಳಿಂದ ಮೊದಲ ಆಸ್ಪತ್ರೆ ಇದೇ. ಆದರೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ದಾರಿ ಬೇರೆ ಕಡೆಗೆ ತಿರುಗುತ್ತದೆ. 1970ರ ದಶಕಕ್ಕೆ ಮುಂಚೆ ಕೈಲಾದವರು ಮದ್ರಾಸಿನ ಅಡಯಾರ್‌ಗೋ ವೆಲ್ಲೂರಿಗೋ ರೈಲು ಹತ್ತುತ್ತಿದ್ದರು. ಕಂಟೋನ್ಮೆಂಟ್ ನಿಲ್ದಾಣದಿಂದ ಕೆ.ಆರ್. ಪುರದ ಮೇಲೆ ಹಾದು ಕಾಟ್ಪಾಡಿಯಲ್ಲಿಳಿದು ವೆಲ್ಲೂರಿಗೆ ಹೋಗುವ ಕುಟುಂಬಗಳು ಈಗಲೂ ಇವೆ.

ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ನೆನಪಿನ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ, ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, 1973ರ ಜೂನ್ 26ರಂದು ಆರಂಭವಾಯಿತು. 1980ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿತು. 1982ರಲ್ಲಿ ರಾಷ್ಟ್ರಮಟ್ಟದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಶುರುವಾದಾಗ ಮುಂಬಯಿ, ಮದರಾಸಿನ ಜೊತೆ ಬೆಂಗಳೂರೂ ಇತ್ತು. ಆ ಲೆಕ್ಕ ಇಡುವುದು ಕಿದ್ವಾಯಿಯೇ. ಪೂರ್ವದವರಿಗೆ ಖಾಸಗಿಯಾಗಿ ಹಳೇ ವಿಮಾನ ನಿಲ್ದಾಣ ರಸ್ತೆಯ ಮಣಿಪಾಲ್, ವೈಟ್‌ಫೀಲ್ಡ್‌ನ ವೈದೇಹಿ, ಸಂಪಂಗಿರಾಮನಗರದ ಎಚ್‌ಸಿಜಿ ಇವೆ. ಸೇನೆಯವರಿಗೆ ದೊಮ್ಮಲೂರಿನ ಹತ್ತಿರ ಕಮಾಂಡ್ ಆಸ್ಪತ್ರೆ ಇದೆ.

ಕಿದ್ವಾಯಿ ಇರುವುದು ಡೇರಿ ಸರ್ಕಲ್ ಹತ್ತಿರ, ನಗರದ ಮತ್ತೊಂದು ಬದಿಯಲ್ಲಿ. ಕೆ.ಆರ್. ಪುರದ ಟಿನ್ ಫ್ಯಾಕ್ಟರಿಯಲ್ಲಿ 500ಡಿ ಬಸ್ಸು ಹತ್ತಿ, ಸಿಲ್ಕ್ ಬೋರ್ಡ್‌ನಲ್ಲಿಳಿದು ಇನ್ನೊಂದು ಬಸ್ಸು ಹಿಡಿದು ಹೋಗುವುದು ಆರೋಗ್ಯವಂತರಿಗೇ ಆಯಾಸ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟ್ ಎಂದರೆ ವಾರಕ್ಕೆ 5 ದಿನ, ಸಾಮಾನ್ಯವಾಗಿ ಆರೇಳು ವಾರ. 30-35 ಸಲ ಈ ದಾರಿಯಲ್ಲಿ ಹೋಗಿ ಬರಬೇಕು. ಮೊದಲ ವಾರ ರೋಗಿ ತಾನೇ ನಡೆದು ಬಸ್ಸು ಹತ್ತುತ್ತಾನೆ, ನಾಲ್ಕನೆಯ ವಾರಕ್ಕೆ ಆಟೊ ಬೇಕಾಗುತ್ತದೆ, ಅಷ್ಟರಲ್ಲಿ ಆಟೊಗೆ ದುಡ್ಡು ಮುಗಿದಿರುತ್ತದೆ. ಅರ್ಧಕ್ಕೇ ಚಿಕಿತ್ಸೆ ನಿಲ್ಲುವುದಕ್ಕೆ ರೋಗದಷ್ಟೇ ಈ ದಾರಿಯೂ ಕಾರಣ. ಮೊದಲ ವಾರವೇ ಆಟೊದ ಬಾಡಿಗೆ ಲೆಕ್ಕ ಹಾಕಿ ದುಡ್ಡು ತೆಗೆದಿಡುವುದು, ಕಿದ್ವಾಯಿಯ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದರ ಇಲ್ಲದಿರುವುದು ಆರೈಕೆಯ ಹೆಣ್ಣುಮಕ್ಕಳಿಗೆ ದೊಡ್ಡ ಆಸರೆಯಾಗಿದೆ. ಫೈಲು ತೋರಿಸಲು, ಔಷಧಿ ತರಲು ಒಬ್ಬಳೇ ಹೋಗಿ ಬರುವುದಕ್ಕೆ ಈಗ ಮನೆಯಲ್ಲಿ ದುಡ್ಡು ಕೇಳಬೇಕಾಗಿಲ್ಲ. ಕೋಲಾರವೂ ಸೇರಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ 2025ರಲ್ಲಿ ಹಗಲು ಕೀಮೋ ಕೇಂದ್ರಗಳು ಶುರುವಾದದ್ದರಿಂದ ಆ ಕಡೆಯವರ ಕೆಲವು ಪ್ರಯಾಣಗಳಾದರೂ ತಪ್ಪಬಹುದು.

ಮನೆಯೊಳಗಿನ ಕೆಲಸ

ಕೀಮೋ ಆದ ಮೇಲೆ ಸುಮಾರು 7ರಿಂದ 14ನೆಯ ದಿನದ ನಡುವೆ ರಕ್ತದ ಬಿಳಿಕಣಗಳು ತೀರ ಇಳಿಯುತ್ತವೆ. ‘ಕೌಂಟ್ ಬಿದ್ದಿದೆ’ ಎನ್ನುವುದು ಇದಕ್ಕೇ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಪ್ಯಾರಸಿಟಮಾಲ್ ಕೊಟ್ಟು ನೋಡೋಣ ಎನ್ನಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಇಡೀ ಆರೈಕೆಯಲ್ಲಿ ಜೀವ ಉಳಿಸುವ ಒಂದೇ ಒಂದು ಮಾತು ನೆನಪಿಡಬೇಕೆಂದರೆ ಇದನ್ನೇ ಇಡಬೇಕು. ಮನೆಯಲ್ಲೊಂದು ಥರ್ಮಾಮೀಟರ್, ಫೈಲು ಸದಾ ಒಂದೇ ಜಾಗದಲ್ಲಿ, ರಾತ್ರಿ ಬರಬಲ್ಲ ಆಟೊದವರ ನಂಬರು ಗೋಡೆಯ ಮೇಲೆ, ಇಷ್ಟಿದ್ದರೆ ಅರ್ಧ ಗಾಬರಿ ತಪ್ಪುತ್ತದೆ.

ಊಟದ ವಿಷಯದಲ್ಲಿ ಬಂಧುಗಳೆಲ್ಲ ಪಂಡಿತರು. ಸಕ್ಕರೆ ಬಿಡಿಸಿ, ಹಾಲು ಬಿಡಿಸಿ, ಬರೀ ಜ್ಯೂಸ್ ಕೊಡಿ ಎಂಬ ಸಲಹೆಗಳು ಫೋನಿನಲ್ಲಿ ಬರುತ್ತಲೇ ಇರುತ್ತವೆ. ಮೊದಲೇ ಸೊರಗಿದ ದೇಹಕ್ಕೆ ಪಥ್ಯದ ಹೆಸರಿನಲ್ಲಿ ಅನ್ನ ತಪ್ಪಿಸುವುದು ಅಪಾಯ. ರಾಗಿ ಗಂಜಿ, ತುಪ್ಪ ಹಾಕಿ ಕಿವುಚಿದ ಬೇಳೆಕಟ್ಟಿನ ಅನ್ನ, ಹೆಸರುಬೇಳೆ ಪೊಂಗಲ್, ಮೆತ್ತಗೆ ಬೇಯಿಸಿದ ಮೊಟ್ಟೆ, ಇವುಗಳಲ್ಲಿ ಏನು ಒಳಗೆ ಹೋಗುತ್ತದೋ ಅದು, ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಬಾಯಿ ಹುಣ್ಣಾಗಿದ್ದರೆ ಹುಳಿ, ಖಾರ, ಬಿಸಿ ಬೇಡ. ಬೆಚ್ಚಗಿನ ನೀರಿಗೆ ಚೂರು ಉಪ್ಪು, ಚೂರು ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿದರೆ ಹಾಯೆನಿಸುತ್ತದೆ. ಬಾಯಿಯ ರುಚಿ ಕೆಡುವುದು ಔಷಧಿಯಿಂದ. ‘ನಿನ್ನ ಕೈ ಅಡುಗೆ ಸೇರ್ತಿಲ್ಲ’ ಎಂದು ರೋಗಿ ತಟ್ಟೆ ತಳ್ಳಿದರೆ ಸೊಸೆಯ ತಪ್ಪಲ್ಲ, ರೋಗಿಯದೂ ಅಲ್ಲ.

ಕರೆಂಟ್ ಕೊಟ್ಟ ಜಾಗದ ಚರ್ಮ ಕಪ್ಪಾಗಿ, ಉರಿಯಾಗಿ, ಕೆಲವೊಮ್ಮೆ ಸುಲಿಯುತ್ತದೆ. ಸೋಪು, ಅರಿಶಿನ, ಪೌಡರು, ಎಣ್ಣೆ ಏನನ್ನೂ ಡಾಕ್ಟರು ಹೇಳದೆ ಹಚ್ಚಬಾರದು. ಸಡಿಲವಾದ ಹತ್ತಿಬಟ್ಟೆ ಸಾಕು. ಕೀಮೋ ಆದ ಎರಡು ದಿನ ರೋಗಿಯ ವಾಂತಿ, ಮಲಮೂತ್ರ ಶುಚಿ ಮಾಡುವವರು ಕೈಗವಸು ಹಾಕಿಕೊಳ್ಳಬೇಕು, ಗರ್ಭಿಣಿಯರು ಆ ಕೆಲಸಕ್ಕೆ ಹೋಗಬಾರದು.

ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಗಾಳಿ ತುಂಬುವ ಏರ್ ಬೆಡ್ ಸಹಾಯಕ, ಆದರೆ ಅದು ಕೈಗಳ ಕೆಲಸ ತಪ್ಪಿಸುವುದಿಲ್ಲ. ಮಗ್ಗುಲು ತಿರುಗಿಸಲು ರೋಗಿಯ ಕಂಕುಳಿಗೆ ಕೈ ಹಾಕಿ ಎಳೆಯುವ ಬದಲು, ಅಡ್ಡಕ್ಕೆ ಹಾಸಿದ ಹಳೆಯ ಸೀರೆಯನ್ನು ಎರಡೂ ಕಡೆಯಿಂದ ಹಿಡಿದೆತ್ತುವುದು ಇಬ್ಬರಿಗೂ ಸುಲಭ. ಮಾಡುವವರ ಸೊಂಟ ಉಳಿಯುತ್ತದೆ. ಕೆಲವು ಗಡ್ಡೆಗಳು ಒಡೆದು ಹುಣ್ಣಾಗಿ ವಾಸನೆ ಬೀರುತ್ತವೆ. ಮನೆಯವರು ಬಾಯಿಬಿಟ್ಟು ಹೇಳಲಾರದ, ರೋಗಿಯನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸುವ ತೊಂದರೆ ಅದು. ಅದಕ್ಕೂ ಮದ್ದಿದೆ. ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಉದುರಿಸುವ ಕ್ರಮವನ್ನು, ನೋವು ನರಳಾಟ ತಗ್ಗಿಸುವ ಉಪಶಮನ ಆರೈಕೆಯ ನರ್ಸುಗಳು ಹೇಳಿಕೊಡುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ತಗ್ಗಿ, ಮೊಮ್ಮಕ್ಕಳು ಮತ್ತೆ ಹತ್ತಿರ ಬಂದು ಕೂರುತ್ತಾರೆ.

ಇದಕ್ಕೆಲ್ಲ ನೀರು ಬೇಕು. ಹಾಸಿಗೆ ಒದ್ದೆಯಾಗುವ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಬಟ್ಟೆ ಒಗೆಯಬೇಕಾಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಕೆ.ಆರ್. ಪುರ, ಮಹದೇವಪುರ ಕಡೆ ಟ್ಯಾಂಕರ್‌ಗೆ ಕಾದ ಮನೆಗಳಲ್ಲಿ ಇಂಥ ಮನೆಗಳೂ ಇದ್ದವು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೆಯ ಹಂತ ಅದೇ ವರ್ಷ ಅಕ್ಟೋಬರ್ 16ರಂದು ಶುರುವಾಯಿತು. ನಗರದ ನೀರಿನ ಚರ್ಚೆಯಲ್ಲಿ ಹಾಸಿಗೆ ಹಿಡಿದವರ ಮನೆಯ ಲೆಕ್ಕವನ್ನು ಯಾರೂ ಪ್ರತ್ಯೇಕವಾಗಿ ಎತ್ತುವುದಿಲ್ಲ, ಎತ್ತಬೇಕಾಗಿದೆ.

ಈ ಕೈಗಳು ಯಾರವು? ಬಹುಪಾಲು ಹೆಂಡತಿ, ಮಗಳು, ಸೊಸೆಯವು. ಗಂಡಸರು ಆಸ್ಪತ್ರೆಯ ಓಡಾಟ, ದುಡ್ಡಿನ ವ್ಯವಸ್ಥೆ ನೋಡುತ್ತಾರೆ, ಮೈ ಮುಟ್ಟಿ ಮಾಡುವ ಕೆಲಸ ಹೆಂಗಸರಿಗೆ. ಹೆಂಡತಿಗೇ ಕಾಯಿಲೆ ಬಂದಾಗ ಈ ಏರ್ಪಾಟು ಕುಸಿಯುತ್ತದೆ. ಆಗ ಮೊದಲ ಸಲ ಗಂಜಿ ಕಾಯಿಸಲು, ಹೆಂಡತಿಯ ತಲೆ ಬಾಚಲು ಕಲಿಯುವ ಗಂಡಂದಿರೂ ಉಂಟು, ಚೆನ್ನಾಗಿಯೇ ಕಲಿಯುತ್ತಾರೆ. ಇಂದಿರಾನಗರದಂಥ ಕಡೆ ಏಜೆನ್ಸಿಯಿಂದ ಬಂದ ಹೋಂ ನರ್ಸ್ ಇರುತ್ತಾಳೆ. ಅಮೆರಿಕದ ಮಗ ರಾತ್ರಿ ವಿಡಿಯೊ ಕರೆಯಲ್ಲಿ ವರದಿ ಕೇಳುತ್ತಾನೆ. ದೂರದ ಮಗ ಮಾಡಬಹುದಾದ ಒಳ್ಳೆಯ ಸಹಾಯವೆಂದರೆ ದಿನಕ್ಕೊಂದು ಹೊಸ ಚಿಕಿತ್ಸೆಯ ಲೇಖನ ಕಳಿಸುವುದನ್ನು ಬಿಟ್ಟು, ಹತ್ತಿರ ಇರುವ ಅಕ್ಕನಿಗೆ ‘ನೀನು ಊಟ ಮಾಡಿದ್ಯಾ?’ ಎಂದು ಕೇಳುವುದು, ವರ್ಷದ ರಜೆಯನ್ನು ತಿಥಿಗೆ ಉಳಿಸದೆ ಈಗಲೇ ಬಂದು ಎರಡು ವಾರ ಅವಳನ್ನು ಮಲಗಲು ಬಿಡುವುದು.

ಆರೈಕೆ ಮಾಡುವವರಿಗೆ ಬೆನ್ನುನೋವು, ನಿದ್ದೆಗೇಡು ಬರುತ್ತವೆ. ತಮ್ಮ ಬಿಪಿ ಮಾತ್ರೆ ಮರೆಯುತ್ತಾರೆ. ಸಿಟ್ಟೂ ಬರುತ್ತದೆ. ‘ಇದು ಯಾವಾಗ ಮುಗಿಯುತ್ತದೋ’ ಎಂದು ಒಂದು ಕ್ಷಣ ಅನಿಸಿ, ಹಾಗೆ ಅನಿಸಿತಲ್ಲಾ ಎಂದು ವರ್ಷಗಟ್ಟಲೆ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಇದು ದಣಿವಿನ ಮಾತು, ಪ್ರೀತಿ ಬತ್ತಿದ ಗುರುತಲ್ಲ. ವಠಾರದ ಮನೆಗಳಿಗೆ ಇಲ್ಲಿ ಒಂದು ಅನುಕೂಲವಿದೆ: ಪಕ್ಕದ ಮನೆಯಾಕೆ ಎರಡು ಗಂಟೆ ಬಂದು ಕೂತರೆ ಸೊಸೆ ತಲೆಸ್ನಾನ ಮಾಡಿ ಸೇಂಟ್ ಮೇರಿ ಬೆಸಿಲಿಕಾಕ್ಕೋ ಸೋಮೇಶ್ವರನ ಗುಡಿಗೋ ಹೋಗಿ ಬರಬಹುದು. ಸೆಪ್ಟೆಂಬರ್ 8ರ ಮೇರಿ ಹಬ್ಬದ ಹೊತ್ತಿಗೆ ಶಿವಾಜಿನಗರದಲ್ಲಿ ಮೇಣದಬತ್ತಿ ಹಿಡಿದು ನಿಲ್ಲುವವರಲ್ಲಿ ಎಲ್ಲ ಮತದವರೂ ಇರುತ್ತಾರೆ, ಫೈಲು ಹಿಡಿದವರೂ ಇರುತ್ತಾರೆ. ಪ್ರಾರ್ಥನೆ ಚಿಕಿತ್ಸೆಗೆ ಅಡ್ಡ ಬಾರದಷ್ಟು ದಿನ ಅದರಿಂದ ಸಿಗುವ ಬಲವನ್ನು ಯಾರೂ ಕಸಿಯಬೇಕಾಗಿಲ್ಲ.

ನೋವು

ಕ್ಯಾನ್ಸರಿನ ನೋವನ್ನು ಬಹುಪಾಲು ರೋಗಿಗಳಲ್ಲಿ ಬಾಯಲ್ಲಿ ನುಂಗುವ ಮಾತ್ರೆಗಳಿಂದಲೇ ಹತೋಟಿಗೆ ತರಬಹುದು. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಟ್ಟಿತು: ಸಣ್ಣ ನೋವಿಗೆ ಪ್ಯಾರಸಿಟಮಾಲ್ ಥರದ್ದು, ಕೊನೆಯ ಮೆಟ್ಟಿಲಲ್ಲಿ ಮಾರ್ಫಿನ್. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡಲು ಹಲವು ಪರವಾನಗಿ ಪಡೆಯಬೇಕಾಗಿತ್ತು, ಇಡುವುದೇ ಬೇಡವೆಂದು ಬಿಟ್ಟವು. ಲಕ್ಷಾಂತರ ಜನ ನರಳಿ ಸತ್ತರು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಈಗ ಮಾನ್ಯತೆ ಪಡೆದ ಸಂಸ್ಥೆಗಳಿಂದ ಮಾರ್ಫಿನ್ ಮಾತ್ರೆ ಮನೆಗೇ ಸಿಗುತ್ತದೆ.

ಮಿಕ್ಕಿರುವ ತಡೆ ಮನಸ್ಸಿನದು. ‘ಮಾರ್ಫಿನ್ ಶುರು ಮಾಡಿದ್ರಾ, ಹಾಗಾದ್ರೆ ಮುಗೀತು’ ಎಂಬ ಮಾತನ್ನು ಓದಿದವರೂ ಆಡುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ, ಚಟ ಹಿಡಿಸುವ ಭಯವೂ ತೀರ ಕಡಿಮೆ. ನೋವಿಳಿದ ಮನುಷ್ಯ ನಿದ್ದೆ ಮಾಡುತ್ತಾನೆ, ನಾಲ್ಕು ತುತ್ತು ಉಣ್ಣುತ್ತಾನೆ, ಮಾತಾಡುತ್ತಾನೆ. ಮಾಮೂಲಿ ಮಾತ್ರೆಯ ಬಲ ನಾಲ್ಕು ಗಂಟೆ. ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಬಂದೇ ಬರುವುದರಿಂದ ಅದರ ಮದ್ದೂ ಮೊದಲ ದಿನದಿಂದಲೇ ಇರಬೇಕು. ಇದನ್ನು ಮರೆತು, ಹೊಟ್ಟೆ ಉಬ್ಬರಿಸಿತೆಂದು ಮಾರ್ಫಿನ್ನನ್ನೇ ನಿಲ್ಲಿಸುವ ಮನೆಗಳು ಬಹಳ.

ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹೇಳಿ ಎಂದರೆ ಹಿರಿಯರು ತಬ್ಬಿಬ್ಬಾಗುತ್ತಾರೆ. ‘ರೂಪಾಯಿಗೆ ಎಷ್ಟಾಣೆ ನೋವಿದೆ ಅಜ್ಜಿ?’ ಎಂದು ಕೇಳಿ, ‘ನಿನ್ನೆ ಹದಿನಾರಾಣೆ, ಇವತ್ತು ಆರಾಣೆ ಕಣಪ್ಪ’ ಎಂಬ ಉತ್ತರ ತಕ್ಷಣ ಬರುತ್ತದೆ. ಅದನ್ನು ಹೊತ್ತಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ವರದಿ ಇಲ್ಲ.

ಕರುಣಾಶ್ರಯ

ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗ, ವಾಸಿಯಾಗದವರಿಗೂ ವೈದ್ಯ ವಿದ್ಯೆಯಲ್ಲಿ ಮಾಡಬೇಕಾದದ್ದು ಬಹಳ ಇದೆ ಎಂಬ ವಿಚಾರಕ್ಕೆ ಒಂದು ಮನೆ ಸಿಕ್ಕಿತು. ಮೈಯ ನೋವು, ಮನಸ್ಸಿನ ನೋವು, ದುಡ್ಡಿನ, ಸಂಬಂಧಗಳ, ದೇವರ ಮೇಲಿನ ಮುನಿಸಿನ ನೋವು ಎಲ್ಲ ಒಂದೇ ಹೆಣಿಗೆ ಎಂದು ಅವರು ಹೇಳಿದರು. ಭಾರತದಲ್ಲಿ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬಯಿಯ ಶಾಂತಿ ಆವೇದನಾ ಸದನ. 1993ರಲ್ಲಿ ಕಲ್ಲಿಕೋಟೆಯಲ್ಲಿ ಉಪಶಮನ ಚಿಕಿತ್ಸಾಲಯ ಶುರುವಾಗಿ ಕೇರಳದಲ್ಲಿ ಅದು ಜನರ ಚಳವಳಿಯಾಯಿತು.

ಬೆಂಗಳೂರಿನಲ್ಲಿ ಈ ಕೆಲಸ ಹುಟ್ಟಿದ್ದು ಪೂರ್ವದಲ್ಲೇ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು, ಕಿಶೋರ್ ಎಸ್. ರಾವ್ ಅದರ ಬೆನ್ನೆಲುಬಾಗಿ ನಿಂತರು. ಕಟ್ಟಡಕ್ಕೆ ಕಾಯದೆ 1995ರಲ್ಲೇ ನರ್ಸುಗಳನ್ನು ಮನೆಮನೆಗೆ ಕಳಿಸಲು ಶುರು ಮಾಡಿದರು. ಇದು ಬಹಳ ಸರಿಯಾದ ಕ್ರಮವಾಗಿತ್ತು ಎಂದು ಹಿಂತಿರುಗಿ ನೋಡಿದರೆ ತಿಳಿಯುತ್ತದೆ: ರೋಗಿಗಳು ಇದ್ದದ್ದು ಮನೆಗಳಲ್ಲಿ. ಮಾರತ್ತಹಳ್ಳಿಯಾಚೆ, ವರ್ತೂರು ರಸ್ತೆಯಲ್ಲಿ ಸರ್ಕಾರ ಗುತ್ತಿಗೆಗೆ ಕೊಟ್ಟ ಜಾಗದಲ್ಲಿ 1999ರಲ್ಲಿ ಕರುಣಾಶ್ರಯ ತೆರೆಯಿತು. ವಾಸ್ತುಶಿಲ್ಪಿ ಸಂಜಯ್ ಮೋಹೆ ಒರಟು ಕಲ್ಲಿನ ಗೋಡೆಗಳ ನಡುವೆ ನೀರಿನ ಕೊಳವಿಟ್ಟು ವಾರ್ಡುಗಳನ್ನು ಅದರತ್ತ ತೆರೆದಿದ್ದಾರೆ. ಮಲಗಿದ ಕಡೆಯಿಂದಲೇ ಬೆಳಕು, ನೀರು, ಹಕ್ಕಿ ಕಾಣುತ್ತವೆ. ಇಲ್ಲಿಗೆ ಬರುವವರು ವಾಸಿ ಮಾಡುವ ಚಿಕಿತ್ಸೆಯ ಹಂತ ದಾಟಿದ ಕ್ಯಾನ್ಸರ್ ರೋಗಿಗಳು. ಜಾತಿ, ಮತ, ಹಣ ಯಾವುದನ್ನೂ ನೋಡದೆ ಎಲ್ಲರಿಗೂ ಪೂರ್ತಿ ಉಚಿತ. ಬಿಲ್ ಕೌಂಟರ್ ಇಲ್ಲದ ಆಸ್ಪತ್ರೆಯನ್ನು ಕಂಡು ಮನೆಯವರು ಮೊದಲು ನಂಬುವುದೇ ಇಲ್ಲ.

ಇಲ್ಲಿಗೆ ಬಂದವರೆಲ್ಲ ಇಲ್ಲೇ ಸಾಯುತ್ತಾರೆಂಬುದು ತಪ್ಪು ತಿಳಿವಳಿಕೆ. ನೋವು, ವಾಂತಿ, ಹುಣ್ಣು ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರಿದ್ದಾರೆ. ಮನೆ ಭೇಟಿಗೆ ಬರುವ ನರ್ಸು ಗಾಯ ಕಟ್ಟಿ ಹೋಗುವುದಷ್ಟೇ ಅಲ್ಲ, ಮಗಳ ಕೈಯಲ್ಲೇ ಕಟ್ಟಿಸಿ, ತಪ್ಪಿದ್ದರೆ ತಿದ್ದುತ್ತಾಳೆ. ಮೂಗಿನ ನಳಿಕೆಯಲ್ಲಿ ಗಂಜಿ ಎಷ್ಟು ನಿಧಾನ ಬಿಡಬೇಕು, ಬಿಡುವಾಗ ತಲೆ ಎಷ್ಟು ಎತ್ತರಕ್ಕಿರಬೇಕು ಎಂದು ತೋರಿಸುತ್ತಾಳೆ. ಬಾಣಂತನದಲ್ಲಿ ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ಇಲ್ಲಿ ಈ ನರ್ಸು ನಿಂತಿದ್ದಾಳೆ. ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡ್ಹೋಗಿ’ ಎಂಬ ಮಾತು ಬಂದ ಮೇಲೆ ಹಾಸ್ಪಿಸ್ ಹುಡುಕುವುದು ರೂಢಿ. ಆ ಮಾತಿಗೆ ಬಹಳ ಮುಂಚೆ, ನೋವು ಶುರುವಾದಾಗಲೇ ಉಪಶಮನ ಆರೈಕೆಯವರನ್ನು ಕಾಣುವುದು ಸರಿ. ಕೀಮೋ ನಡೆಯುತ್ತಿರುವಾಗಲೂ ಕಾಣಬಹುದು.

ಹಣ, ರಜೆ

ಪಡಿತರ ಚೀಟಿಯ ಬಡ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇಎಸ್‌ಐ ಕಾರ್ಡಿರುವ ಕಾರ್ಮಿಕರಿಗೆ ಅರ್ಹತೆಯ ಷರತ್ತುಗಳಿಗೊಳಪಟ್ಟು ಎರಡು ವರ್ಷದವರೆಗೆ ಕೂಲಿಯ ಶೇ. 80 ದೀರ್ಘ ಕಾಯಿಲೆಯ ಭತ್ಯೆಯಾಗಿ ಸಿಗುತ್ತದೆ. ಇಂದಿರಾನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಾರನಿಗೆ ಶೇ. 75 ರಿಯಾಯಿತಿ ಉಂಟು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಚಿಕಿತ್ಸೆಯ ಖರ್ಚಿನ ಮೇಲೆ ವಿನಾಯಿತಿ ಇದೆ.

ಇವೆಲ್ಲ ರೋಗಿಯ ಹೆಸರಿನವು. ಜೊತೆಗಾರನ ರೈಲು ರಿಯಾಯಿತಿ ಬಿಟ್ಟರೆ ನೋಡಿಕೊಳ್ಳುವವರ ಹೆಸರಿನಲ್ಲಿ ಏನೂ ಇಲ್ಲ. ಮನೆಯ ರೋಗಿಗಾಗಿ ಖಾಸಗಿ ನೌಕರರಿಗೆ ಪ್ರತ್ಯೇಕ ರಜೆ ಕೊಡುವ ಕಾನೂನು ದೇಶದಲ್ಲಿಲ್ಲ. ಗಾರ್ಮೆಂಟ್ಸ್ ಕೆಲಸದ ಮಗಳು, ಮನೆಕೆಲಸದ ಸೊಸೆ ಕೆಲಸ ಬಿಡುತ್ತಾರೆ. ಚಿಕಿತ್ಸೆ ಉಚಿತವಾದರೂ ಮನೆ ಸಾಲಕ್ಕೆ ಬೀಳುವುದು ಹೀಗೆ.

ಕೊನೆಯ ದಿನಗಳು ಮತ್ತು ನಂತರ

ಗುಣವಾಗದ ಹಂತದಲ್ಲಿ ವೆಂಟಿಲೇಟರ್ ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಪ್ರಜ್ಞೆ ಇರುವಾಗಲೇ ಬರೆದಿಟ್ಟ ಮುಂಗಡ ಉಯಿಲು ಮಕ್ಕಳನ್ನು ಐಸಿಯು ಬಾಗಿಲಲ್ಲಿ ಜಗಳವಾಡದಂತೆ ಉಳಿಸುತ್ತದೆ.

ಮನೆಯಲ್ಲೇ ಸಾಯಬೇಕೆಂದು ಹಲವರು ಬಯಸುತ್ತಾರೆ. ಕೊನೆಯ ದಿನಗಳಲ್ಲಿ ಹಸಿವು, ಬಾಯಾರಿಕೆ ತಾವಾಗಿಯೇ ಹೋಗುತ್ತವೆ. ಬಲವಂತವಾಗಿ ಹುಯ್ದ ನೀರು ನೆತ್ತಿಗೇರುತ್ತದೆ. ಒದ್ದೆ ಹತ್ತಿಯಿಂದ ತುಟಿ ನೆನೆಸುತ್ತಿದ್ದರೆ ಸಾಕು. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಕೇಳುವವರಿಗೆ ಸಂಕಟವಾದರೂ ರೋಗಿಗೆ ಅದರ ಅರಿವು ಇರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ತಗ್ಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು, ಆದ್ದರಿಂದ ಹಾಸಿಗೆಯ ಪಕ್ಕ ಆಸ್ಪತ್ರೆ ಬಿಲ್ಲಿನ ಮಾತು ಬೇಡ. ಹೆಸರು ಹಿಡಿದು ಕರೆಯಬಹುದು, ಇಷ್ಟದ ಹಾಡು ಹಾಕಬಹುದು, ಕೈ ಹಿಡಿದು ಕೂರಬಹುದು.

ಮನೆಯಲ್ಲಿ ಸಾವಾದರೆ ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪತ್ರ ಪಡೆಯಬೇಕು; ಮೊದಲೇ ಮಾತಾಡಿಟ್ಟುಕೊಂಡರೆ ನಡುರಾತ್ರಿ ಅಲೆಯುವುದು ತಪ್ಪುತ್ತದೆ. 21 ದಿನದೊಳಗೆ ಸಾವನ್ನು ನೋಂದಾಯಿಸಬೇಕು. ಮಿಕ್ಕ ಮಾರ್ಫಿನ್ ಮಾತ್ರೆಗಳನ್ನು ಕಸಕ್ಕೆ ಹಾಕಬಾರದು, ಬೇರೆಯವರ ನೋವಿಗೂ ಕೊಡಬಾರದು; ಎಣಿಸಿ, ತಂದ ಸಂಸ್ಥೆಗೇ ಮರಳಿಸಬೇಕು. ಏರ್ ಬೆಡ್ಡನ್ನು ಡೆಟ್ಟಾಲ್ ನೀರಿನಲ್ಲಿ ಒರೆಸಿ ಒಣಗಿಸಿಟ್ಟರೆ ಅದೇ ಬೀದಿಯಲ್ಲೋ ಮುಂದಿನ ಬೀದಿಯಲ್ಲೋ ಬೇಕಾದವರು ಸಿಗುತ್ತಾರೆ. ತಿಂಗಳುಗಟ್ಟಲೆ ಎರಡು ಗಂಟೆಗೊಮ್ಮೆ ಎದ್ದು ರೂಢಿಯಾದ ಮಗಳಿಗೆ ತಿಥಿ ಮುಗಿದ ಮೇಲೂ ಎಷ್ಟೋ ವಾರ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎಚ್ಚರವಾಗುತ್ತದೆ. ಸಾವಾದ ಮನೆಗೆ ಉಪಶಮನ ಆರೈಕೆಯವರು ಮತ್ತೊಮ್ಮೆ ಹೋಗುವ ಪದ್ಧತಿ ಇಟ್ಟುಕೊಂಡಿರುವುದು ಇಂಥವರನ್ನು ಮಾತಾಡಿಸಲೆಂದೇ.